ಯಾರೂ ಗಮನಿಸದ ಶಾಟ್‌ಗಳು: ಟ್ರೇಲರ್ ಮ್ಯಾಶಪ್ ಎಂಬ ಹವ್ಯಾಸ

(ವಿಡಿಯೊ ಸಂಕಲನದಲ್ಲಿ ಆಸಕ್ತಿ ಇರುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ತುಣುಕುಗಳ ಜಾಗದಲ್ಲಿ ವಿವರಣೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮಗೆ ಅಚ್ಚುಮೆಚ್ಚಿನ ಎರಡು ಸಿನಿಮಾಗಳನ್ನು ಬೆರೆಸಿ ಒಂದು ಹುಸಿ ಟ್ರೇಲರ್ ಕಟ್ಟಬೇಕು ಎಂದುಕೊಳ್ಳಿ. ಮೊದಲು ಯಾವ ಶಾಟ್‌ಗಳನ್ನು ಎತ್ತಿಕೊಳ್ಳುತ್ತೀರಿ? ಈ ಪ್ರಶ್ನೆ ಕೇಳಿದಾಗಲೆಲ್ಲ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ನಾಯಕನ ಪ್ರವೇಶ, ಕೊನೆಯ ಹೊಡೆದಾಟ, ಎಲ್ಲರ ಬಾಯಲ್ಲೂ ಓಡಾಡುವ ಆ ಡೈಲಾಗ್. ಇವತ್ತು ನಾನು ಹೇಳಬೇಕೆಂದಿರುವುದು ಇದಕ್ಕೆ ತದ್ವಿರುದ್ಧ. ಹೆಸರಾಂತ ದೃಶ್ಯಗಳು ಮ್ಯಾಶಪ್‌ಗೆ ಬಹುಮಟ್ಟಿಗೆ ಕೆಲಸಕ್ಕೆ ಬಾರದವು. ಅವುಗಳಿಗೆ ಆಗಲೇ ಒಂದು ಅರ್ಥ ಅಂಟಿಕೊಂಡಿದೆ, ಕಿತ್ತರೂ ಬಿಡುವುದಿಲ್ಲ. ನಮಗೆ ಬೇಕಾದದ್ದು ಸಪ್ಪೆ ಶಾಟ್‌ಗಳು. ಒಬ್ಬರು ಕಿಟಕಿಯಾಚೆ ನೋಡುತ್ತಾರೆ. ಒಬ್ಬರು ಮೆಟ್ಟಿಲು ಹತ್ತುತ್ತಾರೆ. ಬಾಗಿಲು ತೆರೆಯುತ್ತದೆ, ಯಾರೋ ತಲೆ ಎತ್ತುತ್ತಾರೆ. ಮೂಲ ಸಿನಿಮಾದಲ್ಲಿ ಪ್ರೇಕ್ಷಕರು ಗಮನಿಸದೆ ಬಿಟ್ಟ ಈ ಚೂರುಗಳೇ ಹವ್ಯಾಸಿ ಸಂಕಲನಕಾರನ ಬಂಡವಾಳ.

ಮೊದಲು ಸ್ವಲ್ಪ ಪರಿಚಯ. ಈ ಹವ್ಯಾಸದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದೇ ಸಿನಿಮಾದ ದೃಶ್ಯಗಳನ್ನು ಮರುಜೋಡಿಸಿ ಅದರ ಜಾತಿಯನ್ನೇ ಬದಲಿಸುವುದು ಮೊದಲನೆಯದು. ಭಯದ ಸಿನಿಮಾ ಹಾಸ್ಯವಾಗುತ್ತದೆ, ಹಾಸ್ಯ ಕೊಲೆ ರಹಸ್ಯವಾಗುತ್ತದೆ. ಇದನ್ನು ರೀಕಟ್ ಎನ್ನುತ್ತಾರೆ. ಎರಡು ಅಥವಾ ಹೆಚ್ಚು ಸಿನಿಮಾಗಳನ್ನು ಒಂದೇ ಕಥೆ ಎಂಬಂತೆ ಬೆಸೆಯುವುದು ಎರಡನೆಯದು. ನಿಜವಾದ ಮ್ಯಾಶಪ್ ಇದೇ. ಒಂದರ ಧ್ವನಿಯನ್ನು ಇನ್ನೊಂದರ ಚಿತ್ರದ ಮೇಲೆ ಹಾಗೆಯೇ ಕೂರಿಸುವ ಮೂರನೆಯ ಬಗೆಯೂ ಇದೆ. ಅದು ಸುಲಭ, ಬೇಗ ಮುಗಿಯುತ್ತದೆ, ಅಷ್ಟೇ ಬೇಗ ಬೇಸರವನ್ನೂ ತರಿಸುತ್ತದೆ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಈ ಪ್ರಕಾರ ಜನಪ್ರಿಯವಾದದ್ದು 2005ರಲ್ಲಿ. ರಾಬರ್ಟ್ ರಯಾಂಗ್ ಎಂಬ ತರುಣ ನ್ಯೂಯಾರ್ಕ್‌ನ ಸಂಕಲನ ಸಂಸ್ಥೆಯೊಂದರಲ್ಲಿ ಸಹಾಯಕ ಸಂಕಲನಕಾರನಾಗಿದ್ದ. ಸಹಾಯಕರಿಗಾಗಿ ಏರ್ಪಡಿಸಿದ್ದ ಒಂದು ಸ್ಪರ್ಧೆಯ ಸವಾಲು ಇಷ್ಟೇ: ಒಂದು ಸಿನಿಮಾ ತೆಗೆದುಕೊಂಡು, ಅದು ಬೇರೆಯೇ ಜಾತಿಯ ಸಿನಿಮಾ ಎಂದು ಕಾಣುವಂತೆ ಟ್ರೇಲರ್ ಮಾಡಿ. ರಯಾಂಗ್ ಆರಿಸಿಕೊಂಡದ್ದು ಸ್ಟ್ಯಾನ್ಲಿ ಕುಬ್ರಿಕ್ ಅವರ 1980ರ ಭಯಾನಕ ಚಿತ್ರ ‘ದಿ ಶೈನಿಂಗ್’. ಹಿಮದಲ್ಲಿ ಮುಚ್ಚಿಹೋದ ಹೋಟೆಲಿನಲ್ಲಿ ತಲೆಕೆಟ್ಟ ಅಪ್ಪ ಕೊಡಲಿ ಹಿಡಿದು ಹೆಂಡತಿ ಮಗನನ್ನು ಅಟ್ಟಿಸಿಕೊಂಡು ಹೋಗುವ ಕಥೆ ಅದು. ರಯಾಂಗ್‌ನ ಟ್ರೇಲರ್‌ನಲ್ಲಿ ಅದು ಮನೆಮಂದಿಯೆಲ್ಲ ಕೂತು ನೋಡಬಹುದಾದ ಬೆಚ್ಚಗಿನ ಹಾಸ್ಯಚಿತ್ರ. ಸ್ಫೂರ್ತಿಗಾಗಿ ಹುಡುಕುವ ಒಬ್ಬ ಬರಹಗಾರ, ಅಪ್ಪನಿಗಾಗಿ ಹುಡುಕುವ ಒಬ್ಬ ಹುಡುಗ ಎಂದು ನಿರೂಪಕನ ಹಸನ್ಮುಖಿ ಧ್ವನಿ ಪರಿಚಯ ಮಾಡಿಸುತ್ತದೆ. ಕೊನೆಗೆ ಪೀಟರ್ ಗೇಬ್ರಿಯಲ್‌ನ ಉಲ್ಲಾಸದ ಹಾಡೊಂದು ತೇಲಿಬರುತ್ತದೆ. ಆ ತುಣುಕು ಸ್ಪರ್ಧೆಯಲ್ಲಿ ಗೆದ್ದಿತು, ಅಂತರ್ಜಾಲದಲ್ಲಿ ಕಾಡ್ಗಿಚ್ಚಿನಂತೆ ಹರಡಿತು. ಯೂಟ್ಯೂಬ್ ಆಗಿನ್ನೂ ಅದೇ ವರ್ಷ ಹುಟ್ಟಿದ ಕೂಸು. ಮರುವರ್ಷ, 1964ರ ಮಕ್ಕಳ ಚಿತ್ರ ‘ಮೇರಿ ಪಾಪಿನ್ಸ್’ ಅನ್ನು ದೆವ್ವದ ಚಿತ್ರವಾಗಿಸಿದ ರೀಕಟ್ ಬಂತು. ಅಲ್ಲಿಂದ ಮುಂದೆ ಇದಕ್ಕೆ ಕೊನೆ ಮೊದಲೇ ಇಲ್ಲ.

ರಯಾಂಗ್‌ನ ಟ್ರೇಲರ್ ಅನ್ನು ಒಂದು ಸಲ ನಕ್ಕು ಮುಗಿಸಿ, ಮತ್ತೊಂದು ಸಲ ಧ್ವನಿ ತೆಗೆದು ನೋಡಿ. ಕೊಡಲಿ ಅಲ್ಲಿಲ್ಲ. ಲಿಫ್ಟಿನಿಂದ ನುಗ್ಗಿಬರುವ ರಕ್ತದ ಹೊಳೆಯೂ ಇಲ್ಲ. ಅವನ್ನು ಹಾಕಿದ್ದರೆ ನಗು ಬರುತ್ತಿತ್ತೇನೋ, ಆದರೆ ಅದು ಅಣಕದ ನಗುವಾಗುತ್ತಿತ್ತು, ನಂಬಿಕೆ ಹುಟ್ಟುತ್ತಿರಲಿಲ್ಲ. ಇರುವುದೆಲ್ಲ ಟೈಪ್‌ರೈಟರ್ ಮುಂದೆ ಕೂತ ಅಪ್ಪ, ಅಪ್ಪನ ಮಡಿಲಲ್ಲಿ ಕೂತ ಮಗ, ಸಾಗುವ ಕಾರು ಇಂಥವೇ. ಅಪ್ಪನ ಮಡಿಲಲ್ಲಿ ಮಗ ಕೂತ ದೃಶ್ಯ ಮೂಲದಲ್ಲಿ ಮೈ ಜುಮ್ಮೆನ್ನಿಸುವಂಥದ್ದು. ಆದರೆ ಆ ಭಯ ಚಿತ್ರದಲ್ಲಿ ಇಲ್ಲ. ನಿಧಾನಗತಿಯಲ್ಲಿದೆ, ಹಿನ್ನೆಲೆಯ ಸಂಗೀತದಲ್ಲಿದೆ, ಅದಕ್ಕೂ ಹಿಂದೆ ನಾವು ನೋಡಿದ ಒಂದು ಗಂಟೆಯಲ್ಲಿದೆ. ಆ ಮೂರನ್ನೂ ಕಳೆದರೆ ಉಳಿಯುವುದು ಮಗನನ್ನು ಅಪ್ಪಿಕೊಂಡ ಒಬ್ಬ ಅಪ್ಪ.

ಇದು ಯೂಟ್ಯೂಬ್ ಕಾಲದ ಆವಿಷ್ಕಾರವೇನಲ್ಲ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ನಡೆಸಿದ ಪ್ರಯೋಗದ ಬಗ್ಗೆ ನೀವು ಕೇಳಿರಬಹುದು. ಇವಾನ್ ಮೊಝುಖಿನ್ ಎಂಬ ಜನಪ್ರಿಯ ನಟನ ಒಂದೇ ಮುಖದ ಶಾಟ್ ಅನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕದಲ್ಲಿ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ ಇಟ್ಟು ತೋರಿಸಲಾಯಿತು. ನೋಡಿದವರು ಒಂದು ಕಡೆ ಹಸಿವನ್ನು, ಇನ್ನೊಂದು ಕಡೆ ದುಃಖವನ್ನು ಕಂಡು ನಟನನ್ನು ಹೊಗಳಿದರಂತೆ. ಆ ಪ್ರಯೋಗದ ಮೂಲ ತುಣುಕು ಉಳಿದಿಲ್ಲ, ವಿವರಗಳಲ್ಲೂ ಹೇಳುವವರಿಂದ ಹೇಳುವವರಿಗೆ ವ್ಯತ್ಯಾಸವಿದೆ. ಪಾಠ ಹೇಳುವಾಗ ಎಲ್ಲರೂ ‘ಪಕ್ಕದ ಶಾಟ್ ಅರ್ಥವನ್ನು ಬದಲಿಸುತ್ತದೆ’ ಎಂಬುದಕ್ಕೆ ಒತ್ತು ಕೊಡುತ್ತಾರೆ. ನನಗೆ ಅದರಷ್ಟೇ ಮುಖ್ಯವಾಗಿ ಕಾಣುವುದು ಆ ಮುಖ ಏನನ್ನೂ ಹೇಳದೆ ಸುಮ್ಮನಿತ್ತು ಎಂಬ ಸಂಗತಿ. ಅದೇ ನಟ ಬಿಕ್ಕಿ ಬಿಕ್ಕಿ ಅಳುತ್ತಿದ್ದಿದ್ದರೆ ಸೂಪು ಏನು ಮಾಡಲು ಸಾಧ್ಯವಿತ್ತು?

ಇನ್ನೊಬ್ಬರ ಹೆಸರು ಹೇಳಲೇಬೇಕು. ಅಮೆರಿಕದ ಕಲಾವಿದ ಜೋಸೆಫ್ ಕಾರ್ನೆಲ್. 1931ರ ‘ಈಸ್ಟ್ ಆಫ್ ಬೋರ್ನಿಯೊ’ ಎಂಬ ಸಾಧಾರಣ ಕಾಡಿನ ಸಾಹಸಚಿತ್ರದ ಪ್ರತಿಯೊಂದು ಅವರ ಕೈಗೆ ಬಂತು. ಅದನ್ನು ಕತ್ತರಿಸಿ ಮರುಜೋಡಿಸಿ, ನಾಯಕಿಯ ಹೆಸರನ್ನೇ ಇಟ್ಟು, 1936ರಲ್ಲಿ ‘ರೋಸ್ ಹೊಬಾರ್ಟ್’ ಎಂಬ ಸುಮಾರು 19 ನಿಮಿಷದ ಚಿತ್ರ ಮಾಡಿದರು. ಸಾಹಸದ ಕಥೆ ಮಂಗಮಾಯ. ಉಳಿದದ್ದು ಆ ನಟಿ ತಿರುಗಿ ನೋಡುವುದು, ನಿಟ್ಟುಸಿರು ಬಿಡುವುದು, ಪರದೆ ಸರಿಸುವುದು. ಮೂಕಿಚಿತ್ರದ ನಿಧಾನ ವೇಗದಲ್ಲಿ, ನೀಲಿ ಗಾಜಿನ ಮೂಲಕ, ಬ್ರೆಜಿಲ್ ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ಹಾಕಿ ಅದನ್ನು ತೋರಿಸಿದರು. ಪ್ರದರ್ಶನದಲ್ಲಿದ್ದ ಹೆಸರಾಂತ ಚಿತ್ರಕಾರ ಸಾಲ್ವಡಾರ್ ಡಾಲಿ ತನ್ನ ತಲೆಯಲ್ಲಿದ್ದುದನ್ನೇ ಕದ್ದರೆಂದು ರೇಗಾಡಿ ರಂಪ ಮಾಡಿದ ಕಥೆ ಪ್ರಸಿದ್ಧ. ಡಾಲಿಯ ಕಥೆ ಇರಲಿ. ಸಾಹಸಚಿತ್ರದಿಂದ ಸಾಹಸವನ್ನು ತೆಗೆದು ನಡುನಡುವಿನ ಖಾಲಿ ಜಾಗಗಳನ್ನು ಮಾತ್ರ ಇಟ್ಟುಕೊಂಡ ಆ ಧೈರ್ಯವನ್ನು ನೋಡಿ. ಅದೂ ಕಂಪ್ಯೂಟರ್ ಇಲ್ಲದೆ, ಕೈಯಲ್ಲಿ ಕತ್ತರಿಸಿ ಅಂಟಿಸಿ.

ಹಾಗಾದರೆ ಕೆಲಸ ಶುರು ಮಾಡುವುದು ಹೇಗೆ? ಮೊದಲು ಸಿನಿಮಾವನ್ನು ಧ್ವನಿ ಇಲ್ಲದೆ ನೋಡಿ. ನಿಮಗೆ ಬಾಯಿಪಾಠವಾಗಿರುವ ಸಿನಿಮಾ ಆದರೂ ಸರಿ, ಬಾಯಿಪಾಠವಾಗಿದ್ದರೆ ಇನ್ನೂ ಮುಖ್ಯ. ಧ್ವನಿ ಇದ್ದರೆ ಕಥೆ ನಮ್ಮನ್ನು ಎಳೆದುಕೊಂಡು ಹೋಗುತ್ತದೆ, ಶಾಟ್ ಕಣ್ಣಿಗೆ ಬೀಳುವುದಿಲ್ಲ. ನೋಡುತ್ತಾ ಟಿಪ್ಪಣಿ ಮಾಡಿಕೊಳ್ಳಿ. ಇಲ್ಲೊಂದು ಎಚ್ಚರಿಕೆ: ‘ಮದುವೆ ದೃಶ್ಯ’, ‘ಜಗಳ’, ‘ಸಾವು’ ಎಂದು ಕಥೆಯ ಪ್ರಕಾರ ಹೆಸರಿಡಬೇಡಿ. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ. ‘ಹೆಂಗಸು, ಹತ್ತಿರದ ಶಾಟ್, ಎಡಕ್ಕೆ ನೋಡುತ್ತಾಳೆ, ತುಟಿ ಮುಚ್ಚಿದೆ.’ ‘ಕೈ, ಲಕೋಟೆ.’ ‘ಗಂಡಸು ಬೆನ್ನು ಹಾಕಿ ನಡೆಯುತ್ತಾನೆ, ರಾತ್ರಿ.’ ‘ಮದುವೆ’ ಎಂದು ಬರೆದ ಶಾಟ್ ನಿಮ್ಮ ತಲೆಯಲ್ಲಿ ಕೊನೆಯವರೆಗೂ ಮದುವೆಯಾಗಿಯೇ ಉಳಿಯುತ್ತದೆ. ‘ಹೆಂಗಸು ತಲೆ ತಗ್ಗಿಸುತ್ತಾಳೆ’ ಎಂದು ಬರೆದದ್ದು ನಾಳೆ ನ್ಯಾಯಾಲಯದ ಕಟಕಟೆಯಲ್ಲೂ ನಿಲ್ಲಬಹುದು.

ಮಾತುಗಳಿಗೂ ಇದೇ ನ್ಯಾಯ. ಸಬ್‌ಟೈಟಲ್ ಕಡತ ಎಂದರೆ ಬರಿಯ ಅಕ್ಷರಗಳ ಕಡತ, ಪ್ರತಿ ಸಾಲಿಗೂ ಸಮಯದ ಗುರುತು ಇರುತ್ತದೆ. ಅದನ್ನು ತೆರೆದು ಹೆಸರಿಲ್ಲದ ಸಾಲುಗಳನ್ನು ಹುಡುಕಿ. ‘ಅವನು ವಾಪಸು ಬಂದಿದ್ದಾನೆ.’ ‘ಇದನ್ನು ಯಾರಿಗೂ ಹೇಳಬೇಡ.’ ‘ಅದು ಎಲ್ಲಿದೆ?’ ಅವನು, ಇದು, ಅದು, ಅಲ್ಲಿ ಎಂಬ ಪದಗಳು ಇರುವ ಸಾಲುಗಳೆಲ್ಲ ಚಿನ್ನ. ಅವನು ಯಾರು ಎಂಬುದನ್ನು ಮುಂದಿನ ಶಾಟ್‌ನಲ್ಲಿ ನೀವು ತೀರ್ಮಾನಿಸುತ್ತೀರಿ. ಪಾತ್ರದ ಹೆಸರು ಹಿಡಿದು ಕೂಗುವ ಭರ್ಜರಿ ಡೈಲಾಗ್ ಎಷ್ಟೇ ಚಂದವಿದ್ದರೂ ಅದು ತನ್ನ ಸಿನಿಮಾದ ಗೋಡೆ ದಾಟಿ ಬರಲಾರದು.

ಈಗ ಒಂದು ಬೆಸುಗೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಮ್ಯಾಶಪ್ ಕಲಿಯುವವರು ಮೊದಲು ಮಾಡಬೇಕಾದ ಅಭ್ಯಾಸ ದೂರವಾಣಿ ಸಂಭಾಷಣೆ. ಎರಡು ಸಿನಿಮಾಗಳ ಇಬ್ಬರು ಒಬ್ಬರನ್ನೊಬ್ಬರು ನೋಡಬೇಕಾಗಿಲ್ಲ, ಒಂದೇ ಕೋಣೆಯಲ್ಲಿ ಇರಬೇಕಾಗಿಲ್ಲ, ಒಂದೇ ಬೆಳಕಿನಲ್ಲೂ ಇರಬೇಕಾಗಿಲ್ಲ. ಒಬ್ಬರಿಗೆ ಹಗಲು, ಇನ್ನೊಬ್ಬರಿಗೆ ರಾತ್ರಿ ಇದ್ದರೂ ಯಾರೂ ತಕರಾರು ತೆಗೆಯುವುದಿಲ್ಲ.

(ಇಲ್ಲಿ ಟೈಮ್‌ಲೈನ್, ಎಂದರೆ ಶಾಟ್‌ಗಳನ್ನೂ ಧ್ವನಿಗಳನ್ನೂ ಸಾಲಾಗಿ ಜೋಡಿಸುವ ಪಟ್ಟಿ, ತೆರೆದು ತೋರಿಸಿದೆ. ಒಂದು ಪತ್ತೇದಾರಿ ಚಿತ್ರದ ಅಧಿಕಾರಿ, ಒಂದು ಕೌಟುಂಬಿಕ ಚಿತ್ರದ ಅಜ್ಜಿ.)

ಅಧಿಕಾರಿ ಫೋನ್ ಹಿಡಿದು ‘ಎಷ್ಟು ಜನ ಇದ್ದಾರೆ?’ ಎಂದು ಕೇಳುತ್ತಾನೆ. ಅಜ್ಜಿ ಫೋನಿನಲ್ಲಿ ‘ಹದಿನೈದು ಜನ’ ಎನ್ನುತ್ತಾರೆ. ಆಕೆ ಮೂಲದಲ್ಲಿ ಹೇಳುತ್ತಿರುವುದು ಹಬ್ಬಕ್ಕೆ ಬರುವ ನೆಂಟರ ಲೆಕ್ಕ. ಎರಡನ್ನೂ ಸುಮ್ಮನೆ ಒಂದರ ಪಕ್ಕ ಒಂದು ಇಟ್ಟರೆ ನಗು ಬರುತ್ತದೆ, ಆದರೆ ಜೋಡಿಸಿದ್ದು ಎದ್ದು ಕಾಣುತ್ತದೆ. ಏಕೆಂದರೆ ಆಕೆ ಪ್ರಶ್ನೆಯನ್ನು ಕೇಳಿಸಿಕೊಂಡಂತೆ ಕಾಣುವುದಿಲ್ಲ. ಈಗ ಆಕೆಯ ಶಾಟ್ ಅನ್ನು ಸ್ವಲ್ಪ ಮುಂಚೆಯೇ ಶುರು ಮಾಡೋಣ. ಮಾತಿಗೆ ಮೊದಲು ಆಕೆ ಸುಮ್ಮನೆ ಕೇಳಿಸಿಕೊಳ್ಳುತ್ತಿರುವ ಮುಕ್ಕಾಲು ಸೆಕೆಂಡ್ ಇದೆ, ಎಂದರೆ ಸೆಕೆಂಡಿಗೆ 24ರ ಲೆಕ್ಕದಲ್ಲಿ 18 ಫ್ರೇಮ್, 18 ಬಿಡಿ ಚಿತ್ರಗಳು. ಅಧಿಕಾರಿಯ ಪ್ರಶ್ನೆಯ ಕೊನೆಯ ಪದ ‘ಇದ್ದಾರೆ’ ಎಂಬುದನ್ನು ಅವನ ಮುಖದ ಮೇಲಲ್ಲ, ಅಜ್ಜಿಯ ಮುಖದ ಮೇಲೆ ಕೇಳಿಸಿ. ಚಿತ್ರ ಮೊದಲು ಬದಲಾಗುತ್ತದೆ, ಧ್ವನಿ ಹಿಂದಿನದೇ ಮುಂದುವರಿಯುತ್ತದೆ. ಇದಕ್ಕೆ ಎಲ್ ಕಟ್ ಎಂದು ಹೆಸರು. ಧ್ವನಿ ಮೊದಲು ಬಂದು ಚಿತ್ರ ಆಮೇಲೆ ಬಂದರೆ ಅದು ಜೆ ಕಟ್. ಈಗ ಅದೇ ಪದಕ್ಕೆ ಫೋನಿನ ಧ್ವನಿ ಕೊಡೋಣ. ಹಳೆಯ ದೂರವಾಣಿ ಜಾಲ ಸುಮಾರು 300ರಿಂದ 3,400 ಹರ್ಟ್ಸ್ ನಡುವಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿತ್ತು. ಧ್ವನಿಯ ತಗ್ಗು-ಏರು ಸ್ವರಗಳನ್ನು ಬೇರೆಬೇರೆಯಾಗಿ ಹೆಚ್ಚುಕಡಿಮೆ ಮಾಡುವ ಈಕ್ವಲೈಜರ್‌ನಲ್ಲಿ ಅದರಾಚೆಯದನ್ನು ಕತ್ತರಿಸಿ. ಮೂರನೆಯದಾಗಿ, ಅಜ್ಜಿಯ ಕೋಣೆಯ ನಿಶ್ಶಬ್ದ. ಪ್ರತಿ ಕೋಣೆಗೂ ತನ್ನದೇ ಮೌನವಿದೆ: ಫ್ಯಾನಿನ ಗುಂಯ್ ಎನ್ನುವ ಸದ್ದು, ಹೊರಗಿನ ಹಕ್ಕಿ. ಆ ಮೌನವನ್ನು ಮಾತಿಲ್ಲದ ಕಡೆಯಿಂದ ಕತ್ತರಿಸಿ ತಂದು, ಆಕೆ ಕಾಣುವಷ್ಟು ಹೊತ್ತೂ ಅಡಿಯಲ್ಲಿ ಹಾಸಿ. ಈಗ ನೋಡಿ. ಪ್ರಶ್ನೆ ಆಕೆಯ ಕಿವಿಗೆ ಬಿತ್ತು, ಆಕೆ ಒಂದು ಕ್ಷಣ ಯೋಚಿಸಿದರು, ‘ಹದಿನೈದು ಜನ’ ಎಂದರು. ಆ ಅಜ್ಜಿ ಈಗ ಡಕಾಯಿತರ ಗುಂಪಿನ ಒಡತಿ.

ಈ ಬೆಸುಗೆಯಲ್ಲಿ ಕೆಲಸ ಮಾಡಿದ್ದು ಆಕೆ ಉತ್ತರಿಸಿದ ಶಾಟ್ ಅಲ್ಲ, ಕೇಳಿಸಿಕೊಂಡ 18 ಫ್ರೇಮ್. ಮೂಲ ಸಿನಿಮಾದಲ್ಲಿ ಅದನ್ನು ನೋಡಿದವರಿಗೆ ಅದು ನೆನಪಿರುವುದೇ ಇಲ್ಲ.

ಫೋನ್ ಇಲ್ಲದೆ ಎದುರುಬದುರು ನಿಲ್ಲಿಸಬೇಕಾದಾಗ ಕಷ್ಟ ಶುರು. ಮೊದಲ ನಿಯಮ ದೃಷ್ಟಿಯ ದಿಕ್ಕು. ಒಬ್ಬರು ಪರದೆಯ ಬಲಕ್ಕೆ ನೋಡಿದರೆ ಇನ್ನೊಬ್ಬರು ಎಡಕ್ಕೆ ನೋಡಬೇಕು. ಇಲ್ಲದಿದ್ದರೆ ಇಬ್ಬರೂ ಮೂರನೆಯವರ ಜೊತೆ ಮಾತನಾಡುತ್ತಿರುವಂತೆ ಕಾಣುತ್ತದೆ. ದಿಕ್ಕು ತಪ್ಪಿದ್ದರೆ ಶಾಟ್ ಅನ್ನು ಕನ್ನಡಿಯಂತೆ ತಿರುಗಿಸಬಹುದು, ಹಿಂದೆ ಬರಹದ ಫಲಕ ಇಲ್ಲದಿದ್ದರೆ, ಬೈತಲೆಯಿಂದ ಹಿಡಿದು ಮಚ್ಚೆಯವರೆಗೂ ನಟನ ಮುಖ ಜನಕ್ಕೆ ತೀರಾ ಪರಿಚಿತವಾಗಿಲ್ಲದಿದ್ದರೆ. ಎತ್ತರವೂ ತಾಳೆಯಾಗಬೇಕು. ಮೇಲಕ್ಕೆ ನೋಡುವವರ ಎದುರು ಕೆಳಕ್ಕೆ ನೋಡುವವರೇ ಬೇಕು. ಭುಜದ ಮೇಲಿಂದ ತೆಗೆದ ಶಾಟ್‌ಗಳು ಬಹುತೇಕ ಬಳಕೆಗೆ ಬರುವುದಿಲ್ಲ. ಆ ಭುಜ ಮೂಲದ ಇನ್ನೊಬ್ಬ ನಟನದು, ಗುಟ್ಟು ರಟ್ಟಾಗುತ್ತದೆ.

ವಾಲ್ಟರ್ ಮರ್ಚ್ ಎಂಬ ಹೆಸರಾಂತ ಸಂಕಲನಕಾರರು ಒಳ್ಳೆಯ ಕಟ್‌ಗೆ ಆರು ಮಾನದಂಡಗಳನ್ನು ಹೇಳಿ ಅಂಕಗಳನ್ನೂ ಹಂಚಿದ್ದಾರೆ. ನೂರರಲ್ಲಿ ಭಾವನೆಗೆ 51, ಕಥೆಗೆ 23, ಲಯಕ್ಕೆ 10. ಪ್ರೇಕ್ಷಕರ ಕಣ್ಣು ಪರದೆಯ ಯಾವ ಭಾಗದಲ್ಲಿದೆ ಎಂಬುದಕ್ಕೆ ಬರಿಯ 7. ನಿಜವಾದ ಸಿನಿಮಾದ ಮಟ್ಟಿಗೆ ಅವರ ಮಾತಿಗೆ ಎದುರಾಡುವಷ್ಟು ನಾನು ದೊಡ್ಡವನಲ್ಲ. ಆದರೆ ಮ್ಯಾಶಪ್‌ನಲ್ಲಿ ಈ ಕೊನೆಯದಕ್ಕೆ ಅಂಕ ಹೆಚ್ಚಿಸಬೇಕು ಎಂದೇ ನನ್ನ ವಾದ. ಹಿಂದಿನ ಶಾಟ್‌ನ ಮುಖ ಪರದೆಯ ಬಲಭಾಗದಲ್ಲಿ ಮುಗಿದರೆ, ಮುಂದಿನದರ ಮುಖ್ಯ ವಸ್ತುವೂ ಬಲಭಾಗದಲ್ಲೇ ಶುರುವಾಗಲಿ. ಆಗ ಕಣ್ಣಿಗೆ ಅಲೆಯುವ ಪುರುಸೊತ್ತು ಸಿಗುವುದಿಲ್ಲ. ಅಲೆದರೆ ಅದು ಕುರ್ಚಿ ಬೇರೆ, ಗೋಡೆಯ ಬಣ್ಣ ಬೇರೆ, ದಶಕವೇ ಬೇರೆ ಎಂಬುದನ್ನು ಪತ್ತೆ ಮಾಡಿಬಿಡುತ್ತದೆ.

ತಾಂತ್ರಿಕ ಗೊಂದಲಗಳನ್ನು ಚುಟುಕಾಗಿ ಮುಗಿಸುತ್ತೇನೆ. ಸಿನಿಮಾದ ವೇಗ ಸೆಕೆಂಡಿಗೆ 24 ಫ್ರೇಮ್, ಡಿಜಿಟಲ್ ಪ್ರತಿಗಳಲ್ಲಿ ಹಲವು ಸಲ 23.976. ಪಾಲ್ (PAL) ಎಂಬ ಟಿವಿ ಪದ್ಧತಿಯ ಡಿವಿಡಿಯಲ್ಲಿ 25, ಎಂದರೆ ಚಿತ್ರ ಸುಮಾರು ಶೇ 4ರಷ್ಟು ಬೇಗ ಓಡುತ್ತದೆ, ಧ್ವನಿಯೂ ತುಸು ಕೀರಲಾಗುತ್ತದೆ. ಟೈಮ್‌ಲೈನ್‌ಗೆ ಒಂದು ವೇಗವನ್ನು ಮೊದಲೇ ಗೊತ್ತು ಮಾಡಿ ಉಳಿದವನ್ನು ಅದಕ್ಕೆ ಬದಲಾಯಿಸಿಕೊಳ್ಳಿ. ಚಿತ್ರದ ಅಗಲ-ಎತ್ತರದ ಅನುಪಾತವೂ ಹಾಗೆಯೇ. ಒಂದು ಸಿನಿಮಾ 2.39:1ರ ಅಗಲದ್ದು, ಇನ್ನೊಂದು 1.85:1 ಇದ್ದರೆ, ಎತ್ತರವಿರುವುದನ್ನು ಮೇಲೆ ಕೆಳಗೆ ಕತ್ತರಿಸಿ ಅಗಲದ್ದಕ್ಕೆ ಹೊಂದಿಸಿ. ಅಗಲದ್ದನ್ನು ಕಿರಿದು ಮಾಡಲು ಹೋದರೆ ಅಂಚಿನಲ್ಲಿ ನಿಂತವರು ಅರ್ಧ ಮಾಯವಾಗುತ್ತಾರೆ. ಬಣ್ಣದ ವಿಷಯದಲ್ಲಿ ಒಂದು ಸಿನಿಮಾವನ್ನು ಯಜಮಾನನೆಂದು ಒಪ್ಪಿಕೊಂಡು ಇನ್ನೊಂದನ್ನು ಅದರ ಹಿಂದೆ ನಡೆಸಬೇಕು. ಎರಡನ್ನೂ ತಿದ್ದಲು ಹೊರಟರೆ ಎತ್ತು ಏರಿಗೆ, ಕೋಣ ನೀರಿಗೆ. ಮೊದಲು ಕಪ್ಪಿನ ಆಳ ಸರಿಹೋಗಲಿ, ಆಮೇಲೆ ಚರ್ಮದ ಬಣ್ಣ. ಕಡೆಯಲ್ಲಿ ಇಡೀ ಟೈಮ್‌ಲೈನ್ ಮೇಲೆ ಒಂದೇ ಬಗೆಯ ತೆಳು ಫಿಲ್ಮ್ ಗ್ರೇನ್, ಎಂದರೆ ಹಳೆಯ ಫಿಲ್ಮಿನಲ್ಲಿ ಕಾಣುವಂಥ ಸಣ್ಣ ಚುಕ್ಕೆಗಳನ್ನು, ಹಾಸಿದರೆ ಸಣ್ಣಪುಟ್ಟ ವ್ಯತ್ಯಾಸಗಳು ಅದರಡಿ ಅಡಗುತ್ತವೆ. ಸಾಫ್ಟ್‌ವೇರ್ ಯಾವುದು ಎಂದು ಕೇಳುವುದು ಬಿಡಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಕೆಡೆನ್‌ಲೈವ್, ಶಾಟ್‌ಕಟ್ ಯಾವುದರಲ್ಲೂ ಈ ಕೆಲಸ ಆಗುತ್ತದೆ.

ಧ್ವನಿಯ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಹೊಸಬರ ಮ್ಯಾಶಪ್‌ಗಳು ಬಿದ್ದುಹೋಗುವುದು ಇಲ್ಲಿಯೇ. ಸಮಸ್ಯೆ ಏನೆಂದರೆ, ನಿಮಗೆ ಬೇಕಾದ ಸಾಲಿನ ಹಿಂದೆ ಮೂಲದ ಸಂಗೀತ ಅಂಟಿಕೊಂಡಿರುತ್ತದೆ. ಕಟ್ ಮಾಡಿದ ಜಾಗದಲ್ಲಿ ಪಿಟೀಲು ತಟಕ್ಕನೆ ಬಾಯಿ ಮುಚ್ಚುತ್ತದೆ, ಅಲ್ಲಿಗೆ ಮರುಳು ಹರಿಯಿತು. ಇದಕ್ಕೊಂದು ಹಳೆಯ ಉಪಾಯವಿದೆ. 5.1 ಧ್ವನಿಯ ಪ್ರತಿಯಲ್ಲಿ ಆರು ಪ್ರತ್ಯೇಕ ಚಾನೆಲ್‌ಗಳಿರುತ್ತವೆ, ಸಂಭಾಷಣೆ ಸಾಮಾನ್ಯವಾಗಿ ನಡುವಿನ ಚಾನೆಲ್‌ನಲ್ಲಿ ಕೂರುತ್ತದೆ, ಸಂಗೀತದ ಬಹುಪಾಲು ಎಡಬಲಕ್ಕೆ ಹರಡಿರುತ್ತದೆ. ನಡುವಿನದನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ಮುಚ್ಚಿದರೆ ಎಷ್ಟೋ ಸಲ ಮಾತು ಹೆಚ್ಚುಕಡಿಮೆ ಶುದ್ಧವಾಗಿ ಸಿಗುತ್ತದೆ. ಸ್ಟೀರಿಯೊ ಪ್ರತಿ ಮಾತ್ರ ಇದ್ದರೆ ಮಾತು ಮತ್ತು ವಾದ್ಯಗಳನ್ನು ಬೇರ್ಪಡಿಸುವ ತಂತ್ರಾಂಶಗಳಿವೆ. ಅಂತರ್ಜಾಲದಲ್ಲಿ ಹಾಡು ಕೇಳಿಸುವ ಡೀಜರ್ ಸಂಸ್ಥೆ 2019ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ಸ್ಪ್ಲೀಟರ್ ಹಾಡಿಗಾಗಿ ಮಾಡಿದ್ದು, ಆದರೂ ಸಂಭಾಷಣೆಯ ಮೇಲೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಬೇರ್ಪಡಿಸಿದ ಮಾತು ಕೆಲವೊಮ್ಮೆ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಹೊಸ ಸಂಗೀತದಡಿ ಅದು ಮುಚ್ಚಿಹೋಗುತ್ತದೆ, ಚಿಂತಿಸಬೇಡಿ.

ನನ್ನ ಸಲಹೆ: ಚಿತ್ರವನ್ನು ಮುಟ್ಟುವ ಮೊದಲು ಧ್ವನಿಯ ಪಟ್ಟಿಯನ್ನು ಪೂರ್ತಿ ಕಟ್ಟಿ. ಸಂಗೀತ, ಆರಿಸಿದ ಮಾತುಗಳು, ನಿರೂಪಣೆ ಬೇಕಿದ್ದರೆ ಅದು, ನಡುವಿನ ಮೌನಗಳು. ಕಣ್ಣು ಮುಚ್ಚಿ ಕೇಳಿದರೆ ಅದೊಂದು ಟ್ರೇಲರ್ ಎನಿಸಬೇಕು. ಅನಿಸದಿದ್ದರೆ ಯಾವ ಶಾಟ್ ತಂದು ಹಾಕಿದರೂ ಉಪಯೋಗವಿಲ್ಲ. ಟ್ರೇಲರ್‌ಗಳ ನಡಿಗೆ ನಮ್ಮೆಲ್ಲರ ಕಿವಿಯಲ್ಲಿ ಕೂತುಬಿಟ್ಟಿದೆ: ಮೆಲ್ಲಗೆ ಶುರು, ಒಂದು ತಿರುವು, ಸಂಗೀತ ಏರುತ್ತಾ ಹೋಗಿ ಪುಟ್ಟ ಪುಟ್ಟ ಶಾಟ್‌ಗಳ ಮಳೆ, ದಿಢೀರ್ ಮೌನ, ಆ ಮೌನದಲ್ಲಿ ಒಂದೇ ಒಂದು ಸಾಲು, ಶೀರ್ಷಿಕೆ, ಅದಾದ ಮೇಲೆ ಬಾಲದಂತೆ ಒಂದು ಚಿಕ್ಕ ನಗೆ. ಈ ಪರಿಚಯವೇ ನಮಗೆ ಸಹಾಯ. ಪ್ರೇಕ್ಷಕರಿಗೆ ಮುಂದೇನು ಬರುತ್ತದೆ ಎಂಬುದು ಗೊತ್ತಿದೆ, ಆದ್ದರಿಂದ ನಾವು ಅರ್ಧ ಹೇಳಿದರೆ ಉಳಿದರ್ಧವನ್ನು ಅವರೇ ತುಂಬಿಕೊಳ್ಳುತ್ತಾರೆ. ದಪ್ಪ ದನಿಯಲ್ಲಿ ‘ಒಂದು ಲೋಕದಲ್ಲಿ...’ ಎಂದು ಶುರುವಾಗುವ ನಿರೂಪಣೆಗೆ ಹೆಸರಾದವರು ಡಾನ್ ಲಾಫಾಂಟೇನ್. ಸಾವಿರಾರು ಟ್ರೇಲರ್‌ಗಳಿಗೆ ಧ್ವನಿ ಕೊಟ್ಟು 2008ರಲ್ಲಿ ತೀರಿಕೊಂಡರು. ಇವತ್ತಿನ ಟ್ರೇಲರ್‌ಗಳಲ್ಲಿ ಅಂಥ ನಿರೂಪಣೆ ಅಪರೂಪ. ಆದ್ದರಿಂದಲೇ ಅದನ್ನು ಹಾಕಿದೊಡನೆ ಕಾಲ ಹಿಂದಕ್ಕೆ ಸರಿಯುತ್ತದೆ. ಅಕ್ಷರಗಳೂ ಇದೇ ಕೆಲಸ ಮಾಡುತ್ತವೆ. ರೋಮನ್ ಶಿಲಾಶಾಸನದ ಅಕ್ಷರಗಳನ್ನು ಆಧರಿಸಿ 1989ರಲ್ಲಿ ಅಡೋಬಿ ಎಂಬ ತಂತ್ರಾಂಶ ಸಂಸ್ಥೆಗಾಗಿ ಕ್ಯಾರಲ್ ಟ್ವಾಂಬ್ಲಿ ರೂಪಿಸಿದ ಟ್ರೇಜನ್ ಅಕ್ಷರಶೈಲಿ ಎಷ್ಟು ಸಿನಿಮಾ ಪೋಸ್ಟರ್‌ಗಳಲ್ಲಿ ಬಂದಿದೆಯೆಂದರೆ, ಅದರಲ್ಲಿ ಏನು ಬರೆದರೂ ಗಂಭೀರವಾಗಿ ಕಾಣುತ್ತದೆ. ಅಜ್ಜಿಯ ಹೆಸರನ್ನು ಅದರಲ್ಲಿ ಬರೆದು ನೋಡಿ.

ಉದ್ದದ ಬಗ್ಗೆ ಒಂದು ಮಾತು. ಚಿತ್ರಮಂದಿರದ ಟ್ರೇಲರ್ ಎರಡೂವರೆ ನಿಮಿಷದವರೆಗೆ ಓಡಬಹುದು. ಮ್ಯಾಶಪ್‌ಗೆ ಅಷ್ಟು ಆಯುಷ್ಯವಿಲ್ಲ. ‘ಓ, ಇವೆರಡು ಸಿನಿಮಾ ಒಂದಾಗಿವೆ’ ಎಂಬ ಬೆರಗು ಅರ್ಧ ನಿಮಿಷದಲ್ಲಿ ಖರ್ಚಾಗುತ್ತದೆ. ಅದಾದ ಮೇಲೆ ಹೊಸ ಕಥೆಯೇ ಹಿಡಿದಿಡಬೇಕು. ಒಂದೂವರೆ ನಿಮಿಷ ದಾಟಿದ ಮ್ಯಾಶಪ್‌ಗಳಲ್ಲಿ ನನಗೆ ಕಾಣುವುದು ಬಹುಪಾಲು ಸಂಕಲನಕಾರನ ಮೋಹ: ಕಷ್ಟಪಟ್ಟು ಹುಡುಕಿದ ಶಾಟ್ ಅನ್ನು ಬಿಡಲು ಮನಸ್ಸು ಬಾರದ ಮೋಹ.

ಇನ್ನು ಕಾನೂನು. ಇದು ಬೇರೆಯವರ ಸಿನಿಮಾ, ಹಕ್ಕು ಅವರದು. ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆಯ 107ನೇ ಸೆಕ್ಷನ್ ನ್ಯಾಯಸಮ್ಮತ ಬಳಕೆಗೆ ನಾಲ್ಕು ಅಂಶಗಳನ್ನು ಹೇಳುತ್ತದೆ: ಬಳಕೆಯ ಉದ್ದೇಶ, ಮೂಲ ಕೃತಿಯ ಸ್ವರೂಪ, ತೆಗೆದುಕೊಂಡ ಪ್ರಮಾಣ, ಮೂಲದ ಮಾರುಕಟ್ಟೆಗೆ ಆಗುವ ಪೆಟ್ಟು. ಅಣಕ ಕೃತಿಯೂ ಈ ರಕ್ಷಣೆ ಪಡೆಯಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ಬೇರೆ ದೇಶಗಳಲ್ಲಿ ಬೇರೆ ನಿಯಮ, ಎಲ್ಲಿಯೂ ಸಾರಾಸಗಟು ಅನುಮತಿ ಇಲ್ಲ. ಆದರೆ ಹವ್ಯಾಸಿಗೆ ನಿತ್ಯ ಎದುರಾಗುವುದು ನ್ಯಾಯಾಲಯವಲ್ಲ, ಯಂತ್ರ. ಯೂಟ್ಯೂಬ್ 2007ರಿಂದ ಬಳಸುತ್ತಿರುವ ಕಂಟೆಂಟ್ ಐಡಿ ವ್ಯವಸ್ಥೆ ನಿಮ್ಮ ತುಣುಕನ್ನು ಹಕ್ಕುದಾರರು ಕೊಟ್ಟ ಮಾದರಿಗಳ ಜೊತೆ ತಾಳೆ ನೋಡುತ್ತದೆ. ಹೊಂದಿಕೆ ಸಿಕ್ಕರೆ ಹಕ್ಕುದಾರರು ಅದನ್ನು ತಡೆಯಬಹುದು, ಜಾಹೀರಾತು ಹಣವನ್ನು ತಾವು ಪಡೆಯಬಹುದು, ಅಥವಾ ಸುಮ್ಮನೆ ಲೆಕ್ಕ ಇಟ್ಟುಕೊಳ್ಳಬಹುದು. ಯಂತ್ರಕ್ಕೆ ಹಾಸ್ಯಪ್ರಜ್ಞೆ ಇಲ್ಲ. ಇಡೀ ಹಾಡನ್ನು ಹಾಗೇ ಹಾಕಿದರೆ ಅದು ಮೊದಲು ಸಿಕ್ಕಿಬೀಳುತ್ತದೆ, ಆದ್ದರಿಂದ ಬಳಕೆಗೆ ಅನುಮತಿ ಇರುವ ಸಂಗೀತವನ್ನೇ ಆರಿಸಿಕೊಳ್ಳಿ. ಹವ್ಯಾಸದಿಂದ ಹಣ ಮಾಡುವ ಆಸೆಯನ್ನು ಬಾಗಿಲಲ್ಲೇ ಬಿಡಿ. ಶೀರ್ಷಿಕೆಯಲ್ಲಿ ‘ಅಭಿಮಾನಿ ಸಂಕಲನ’ ಎಂದು ಸ್ಪಷ್ಟವಾಗಿ ಬರೆಯಿರಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇನ್ನೂ ತಯಾರಾಗದ ಸಿನಿಮಾಗಳ ಹುಸಿ ಟ್ರೇಲರ್‌ಗಳನ್ನು ಹಳೆಯ ತುಣುಕು ಮತ್ತು ಕೃತಕ ಬುದ್ಧಿಮತ್ತೆಯ ಚಿತ್ರಗಳಿಂದ ಕಟ್ಟಿ, ನಿಜವೆಂಬಂತೆ ಹರಿಯಬಿಡುವವರು ಹುಟ್ಟಿಕೊಂಡಿದ್ದಾರೆ. 2025ರಲ್ಲಿ ಯೂಟ್ಯೂಬ್ ಅಂಥ ದೊಡ್ಡ ಚಾನೆಲ್‌ಗಳ ಜಾಹೀರಾತು ಆದಾಯಕ್ಕೆ ಕತ್ತರಿ ಹಾಕಿತು. ನನಗೆ ಅವರ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಮ್ಯಾಶಪ್‌ನಲ್ಲಿ ಪ್ರೇಕ್ಷಕ ಮೋಸ ಹೋಗುವುದಿಲ್ಲ. ಎರಡೂ ಸಿನಿಮಾ ಅವನಿಗೆ ಗೊತ್ತು, ಗೊತ್ತಿರುವುದರಿಂದಲೇ ನಗುತ್ತಾನೆ. ಆ ಚಾನೆಲ್‌ಗಳಲ್ಲಿ ಗೊತ್ತಾಗದಿರಲಿ ಎಂಬುದೇ ವ್ಯಾಪಾರ.

(ಮಾತಿನ ನಂತರ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಕೊಟ್ಟಿದ್ದೇನೆ.)

‘ಬೇಕಾದ ಶಾಟ್ ಸಿಗದಿದ್ದಾಗ ಕೃತಕ ಬುದ್ಧಿಮತ್ತೆಯಿಂದ ಅದೊಂದನ್ನು ಸೃಷ್ಟಿಸಿಕೊಂಡರೆ ತಪ್ಪೇನು?’ ಎಂದು ಒಬ್ಬ ತರುಣಿ ಕೇಳಿದರು. ಬಣ್ಣ ಹೊಂದಿಸಲು, ಧ್ವನಿ ಬೇರ್ಪಡಿಸಲು ಬಳಸಿದರೆ ನನ್ನ ಆಕ್ಷೇಪಣೆ ಇಲ್ಲ. ಆದರೆ ನಟನೊಬ್ಬ ಆಡದ ಮಾತನ್ನು ಅವನ ಬಾಯಿಗೆ ತುರುಕಿದರೆ ಆಟದ ನಿಯಮವೇ ಹೋಯಿತು. ಇದ್ದದ್ದರಲ್ಲೇ ಮಾಡಬೇಕೆಂಬ ಕಟ್ಟುಪಾಡು ಇರುವುದಕ್ಕೇ ಅಜ್ಜಿಯ ‘ಹದಿನೈದು ಜನ’ ನಗು ತರಿಸುತ್ತದೆ. ಆಕೆ ಅದನ್ನು ನಿಜವಾಗಿಯೂ ಹೇಳಿದ್ದಾರೆ.

ಇನ್ನೊಬ್ಬರ ಪ್ರಶ್ನೆ ಎರಡು ಭಾಷೆಗಳ ಸಿನಿಮಾಗಳ ಬಗ್ಗೆ: ಒಂದರಲ್ಲಿ ಒಂದು ಭಾಷೆ, ಇನ್ನೊಂದರಲ್ಲಿ ಮತ್ತೊಂದು ಇದ್ದರೆ ಸಂಭಾಷಣೆ ಕಟ್ಟುವುದು ಹೇಗೆ? ಒಂದು ಭಾಷೆಯವರಿಗೆ ಮಾತನ್ನು ಕೊಡಿ, ಇನ್ನೊಂದು ಭಾಷೆಯವರಿಗೆ ಕೇಳಿಸಿಕೊಳ್ಳುವುದನ್ನು ಕೊಡಿ. ಕೇಳಿಸಿಕೊಳ್ಳುವ ಮುಖಕ್ಕೆ ಭಾಷೆ ಇಲ್ಲ. ತಲೆಯಾಡಿಸುವುದು, ಹುಬ್ಬು ಏರಿಸುವುದು, ಎದ್ದು ಹೊರಗೆ ಹೋಗುವುದು ಎಲ್ಲವೂ ಉತ್ತರಗಳೇ. ಅನಿವಾರ್ಯವಾಗಿ ಆ ಪಾತ್ರವೂ ಮಾತನಾಡಲೇಬೇಕಾದರೆ, ಬಾಯಿ ಕಾಣದ ಶಾಟ್ ಹುಡುಕಿ: ಬೆನ್ನು ಹಾಕಿ ನಿಂತದ್ದು, ದೂರದಿಂದ ತೆಗೆದದ್ದು, ಕತ್ತಲಲ್ಲಿ ಅರ್ಧ ಮುಖ ಮಾತ್ರ ಕಂಡದ್ದು. ಅಂಥ ಶಾಟ್‌ಗಳಿಗೆ ಟಿಪ್ಪಣಿ ಪುಸ್ತಕದಲ್ಲಿ ಬೇರೆಯೇ ಒಂದು ಪುಟ ಇಡಿ.